ಅತ್ತಿಗೆ ಬಿಚ್ಚಿದ ಜಡೆಗಳು

ನನ್ನ ಅತ್ತಿಗೆ ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಯಾರದಾದರೂ ಮಗು. ಹೆತ್ತವರಿಗೆ ನೋಡಿಕೊಳ್ಳಲಾಗದ ಮಕ್ಕಳನ್ನು ಮಕ್ಕಳ ಇಲಾಖೆಯವರು ಸ್ವಲ್ಪ ಕಾಲ ಅವಳ ಮಡಿಲಿಗೆ ಹಾಕುತ್ತಾರೆ. ಅಣ್ಣ ಹ್ಞೂಂ ಅನ್ನುವಷ್ಟರಲ್ಲಿ ಅವಳು ಹಾಸಿಗೆ ಹಾಸಿರುತ್ತಾಳೆ.

ಬಂದ ಮಗು ಯಾವುದೇ ಇರಲಿ, ಮೊದಲ ದಿನವೇ ಬಿಸಿನೀರಲ್ಲಿ ತಲೆ ತೊಳೆದು, ಬಾಚಿ, ಅಳತೆ ತೆಗೆದು ಹೊಸ ಬಟ್ಟೆ ಹೊಲಿಯುವುದು ಅವಳ ಪದ್ಧತಿ. ಹಳೆಯ ಹೊಲಿಗೆ ಬಿಚ್ಚದೆ ಹೊಸದು ಕೂರುವುದಿಲ್ಲ ಎಂಬ ಟೈಲರ್ ಬುದ್ಧಿ. ಹೋದ ವರ್ಷ ಬಂದ ಹುಡುಗಿಗೂ ಹಾಗೆಯೇ ಮಾಡಿದಳು. ದೂರದಿಂದ ಬಂದು ನೆಲೆಸಿದ ಜನರ ಮಗು ಅದು. ಬುಡದಿಂದಲೇ ಸುರುಳಿ ಸುತ್ತಿದ ದಟ್ಟ ಕೂದಲು, ನೆತ್ತಿಗೆ ಅಂಟಿಸಿ ಹೆಣೆದ ಸಣ್ಣ ಸಣ್ಣ ಜಡೆಗಳು. ಎಳೆಗಳು ಎದ್ದು ಜಡೆ ಹಳತಾಗಿತ್ತು. ಅತ್ತಿಗೆ ಹೊಲಿಗೆ ಬಿಚ್ಚುವ ತಾಳ್ಮೆಯಲ್ಲಿ ಎಲ್ಲವನ್ನೂ ಬಿಚ್ಚಿದಳು. ಹುಡುಗಿ ಬಿಚ್ಚಿದ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ತೊಳೆದು ಒಣಗಿಸಿ, ನಮ್ಮ ಮನೆಯ ಸಣ್ಣಹಲ್ಲಿನ ಬಾಚಣಿಗೆಯನ್ನು ಬುಡಕ್ಕೆ ಹಾಕಿ ಎಳೆದಾಗ ಬಾಚಣಿಗೆ ಮುರಿಯಿತು. ಆಗ ಹುಡುಗಿ ಅತ್ತಳು.

"ಆ ಜಡೆ ಅಮ್ಮ ಆಸ್ಪತ್ರೆಗೆ ಹೋಗೋ ಮುಂಚೆ ಹಾಕಿದ್ದು."

ಅತ್ತಿಗೆ ಮುರಿದ ಬಾಚಣಿಗೆಯನ್ನು ಕೆಳಗಿಟ್ಟಳು. ಭಾನುವಾರ ಹುಡುಗಿಯನ್ನು ಅವಳ ಅಮ್ಮನ ಬಳಿಗೆ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಹುಡುಗಿ ಬರುವುದಿಲ್ಲವೆಂದು ಹಟ ಹಿಡಿದಳು. "ಈ ತಲೆ ನೋಡಿದ್ರೆ, ನಾನು ನಿಮ್ಮೋಳೇ ಆಗ್ಬಿಟ್ಟೆ ಅಂದ್ಕೋತಾಳೆ ಅಮ್ಮ."

ಅಳು ಕೇಳಿ ಎದುರುಮನೆಯಾಕೆ ಬಂದಳು. ಕರೆಯದೆ ಬರುವುದರಲ್ಲಿ ಅವಳದು ಎತ್ತಿದ ಕೈ. "ಪೊದೆ ಇದ್ದಂಗಿದೆ ಕಣ್ರೀ, ಗಿಡ್ಡ ಕತ್ತರಿಸ್ಬಿಡಿ, ತಲೆನೋವೇ ಇರಲ್ಲ." ನನಗೆ ಮೈಯೆಲ್ಲ ಉರಿಯಿತು.

"ಕತ್ತರಿ ನನ್ನ ಹತ್ರಾನೂ ಇದೆ. ಅದು ಬಟ್ಟೆಗೆ," ಎಂದು ಅತ್ತಿಗೆ ಅವಳನ್ನು ಸಾಗಹಾಕಿದಳು. ಆಮೇಲೆ ಹುಡುಗಿಯ ಮುಂದೆ ನೆಲದಲ್ಲೇ ಕೂತಳು. "ತಪ್ಪಾಯ್ತು ಪುಟ್ಟಿ. ಕೇಳಿ ಮುಟ್ಬೇಕಿತ್ತು. ಅಮ್ಮ ಹೇಗೆ ಹಾಕ್ತಿದ್ರು, ಹೇಳು."

"ನಂಗೇನ್ ಗೊತ್ತು? ಅಮ್ಮ ಹಿಂದೆ ಕೂತಿರ್ತಿದ್ಲು."

ಮರುದಿನ ಬಸ್ ನಿಲ್ದಾಣದ ಹಿಂದೆ, ಆ ಜನರದೇ ಒಂದು ಪುಟ್ಟ ಸಲೂನಿಗೆ ಮೂವರೂ ಹೋದೆವು. ಒಂದೇ ಕುರ್ಚಿ, ಗೋಡೆ ತುಂಬ ಜಡೆಗಳ ಚಿತ್ರ. ಒಡತಿ ಮುರಿದ ಬಾಚಣಿಗೆಯ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕಳು. ಅತ್ತಿಗೆ ಹಣ ತೆಗೆಯಹೋದರೆ ತಡೆದಳು.

"ನಾನು ಹಾಕಿಕೊಟ್ರೆ ಒಂದ್ಸಲಕ್ಕೆ ಆಯ್ತು. ಮಗು ಇರೋದು ನಿಮ್ಮನೇಲಿ. ನೀವೇ ಕಲೀರಿ."

ಕೂದಲಿಗೆ ನೀರು ಚಿಮುಕಿಸಬೇಕು, ಕ್ರೀಮು ಸವರಬೇಕು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಮೇಲಕ್ಕೆ ಸಿಕ್ಕು ಬಿಡಿಸಬೇಕು. ಅಷ್ಟನ್ನು ಅತ್ತಿಗೆ ಬೇಗ ಕಲಿತಳು. ಹೆಣೆಯಲು ಕೂತಾಗ ಮಾತ್ರ ಅತ್ತಿಗೆಯ ಕಸುಬೇ ಅವಳಿಗೆ ಅಡ್ಡ ಬಂತು. ಪ್ರತಿ ಎಳೆಯನ್ನೂ ದಾರದಂತೆ ಬಿಗಿಯುವಳು, ಹುಡುಗಿ ಕಣ್ಣು ಮುಚ್ಚಿಕೊಳ್ಳುವಳು.

"ಇದು ಕಾಲರ್ ಅಲ್ಲ ಕಣ್ರೀ, ನೆತ್ತಿ," ಎಂದು ಒಡತಿ ಅವಳ ಕೈಮೇಲೆ ತಟ್ಟುವಳು.

ಆ ವಾರವೆಲ್ಲ ಯಂತ್ರಕ್ಕೆ ಮುಸುಕು. ಗಿರಾಕಿಗಳು ಗೊಣಗಿದರು. ಅಣ್ಣ ಅಡುಗೆ ಮಾಡಿದ, ನಾವು ಹೇಗೋ ಬದುಕಿದೆವು. ಶನಿವಾರ ಅತ್ತಿಗೆ ಮನೆಯಲ್ಲಿ ಒಬ್ಬಳೇ ಇಡೀ ತಲೆ ಹೆಣೆದಳು. ಹುಡುಗಿ ಎರಡು ಕನ್ನಡಿ ಹಿಡಿದು ಹಿಂದೆ ಮುಂದೆ ನೋಡಿದಳು.

"ಹಿಂದುಗಡೆ ಒಂದು ಸೊಟ್ಟ ಇದೆ."

"ಬಿಚ್ಚಿ ಹಾಕ್ಲಾ?"

"ಬೇಡ. ನೋವಾಗ್ಲಿಲ್ಲ." ಕನ್ನಡಿಗಳನ್ನು ಕೆಳಗಿಟ್ಟು, "ನಾಳೆ ಬರ್ತೀನಿ," ಎಂದಳು. ಅತ್ತಿಗೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದನ್ನು ನಾನು ನೋಡಿದೆ.

ಆಸ್ಪತ್ರೆಯಲ್ಲಿ ಅಮ್ಮ ದಿಂಬಿಗೆ ಒರಗಿ ಕೂರುವಷ್ಟು ಚೇತರಿಸಿಕೊಂಡಿದ್ದಳು. ಹುಡುಗಿ ಓಡಿಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟಳು. ಅಮ್ಮನ ಬೆರಳುಗಳು ಒಂದೊಂದೇ ಜಡೆಯನ್ನು ಸವರಿಕೊಂಡು ಬಂದವು. ಅತ್ತಿಗೆ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ.

ಸೊಟ್ಟ ಜಡೆಯ ಹತ್ತಿರ ಬೆರಳು ನಿಂತಿತು. ಅಮ್ಮ ಅದನ್ನು ಬಿಚ್ಚಿದಳು. ಅತ್ತಿಗೆ ತಲೆ ತಗ್ಗಿಸಿದಳು.

ಅಮ್ಮ ಬುಡದಿಂದ ಮತ್ತೆ ಹೆಣೆಯತೊಡಗಿದಳು. ಅರ್ಧಕ್ಕೆ ಬರುವಷ್ಟರಲ್ಲಿ ಕೈ ಸೋತಿತು. ಎಳೆಗಳನ್ನು ಬಿಡದೆ ಹಿಡಿದುಕೊಂಡೇ ಬಾಗಿಲ ಕಡೆ ನೋಡಿದಳು.

"ಬನ್ನಿ," ಎಂದಳು. "ಇಲ್ಲಿಂದ ಮುಂದಕ್ಕೆ ನೀವು ಹಾಕಿ."