ಗೇಟಿನ ದೀಪಕ್ಕೆ ಹಾಕಿದ ಬಿಳಿ ಬಲ್ಬು

ನನಗೆ ಆಗ ಕತ್ತಲೆಂದರೆ ತುಂಬ ಭಯ. ಬಣಕಲ್ ಹತ್ತಿರದ ನಮ್ಮ ಎಸ್ಟೇಟಿಗೆ ಮಗಳ ಶಾಲೆಯ ಜೀಪು ಬರುವಷ್ಟರಲ್ಲಿ ಮಳೆಗಾಲದ ಸಂಜೆ ಕಪ್ಪಾಗಿರುತ್ತಿತ್ತು. ಗೇಟಿನ ಕಂಬಕ್ಕೆ ನಮ್ಮ ಯಜಮಾನರೇ ಒಂದು ದೀಪ ಮಾಡಿ ಕಟ್ಟಿದ್ದರು. ಕತ್ತಲಾದರೆ ತಾನೇ ಹೊತ್ತಿ, ಬೆಳಕಾದರೆ ತಾನೇ ಆರುವಂಥದ್ದು. ಬೆಳಕು ಗುರುತಿಸುವ, ರವಿಕೆಯ ಗುಂಡಿಯಷ್ಟು ಪುಟ್ಟ ಕಣ್ಣೊಂದು ಕಂಬದಿಂದ ರಸ್ತೆ ನೋಡುತ್ತಿತ್ತು. ಬಲ್ಬು ಸಣ್ಣದು, ಹಳದಿ. ಮೇಲೆ ಎಣ್ಣೆ ಡಬ್ಬದ ತಗಡಿನ ಟೋಪಿ.

"ಇದೇನ್ರೀ, ದೇವರ ಮನೆ ದೀಪದ ಹಾಗಿದೆ!"

"ಕರೆಂಟೂ ಉಳೀತದೆ, ಹುಳಗಳೂ ಉಳೀತವೆ. ಹುಳ ಮುತ್ತಿದ್ರೆ ಕಪ್ಪೆ ಬರ್ತದೆ. ಕಪ್ಪೆ ಬಂದ್ರೆ ಹಿಂದೆ ಯಾರು ಬರ್ತಾರೆ, ಹೇಳು?" ಎಂದು ನಕ್ಕಿದ್ದರು.

ನಾನು ನಗಲಿಲ್ಲ. ಅವರು ಚಿಕ್ಕಮಗಳೂರಿಗೆ ಹೋದ ದಿನ ಮೇನ್ ಆಫ್ ಮಾಡಿ, ಸ್ಟೂಲ್ ಹತ್ತಿ, ಟೋಪಿ ತೆಗೆದು, ದೊಡ್ಡ ಬಿಳಿ ಬಲ್ಬು ಹಾಕಿಬಿಟ್ಟೆ.

ಅಂದು ಮಧ್ಯಾಹ್ನ ಮಳೆ ಹೊಯ್ದು ನಿಂತಿತ್ತು. ದೀಪ ಹೊತ್ತಿದ್ದೇ ತಡ, ರೆಕ್ಕೆ ಬಂದ ಗೆದ್ದಲು ಹಿಂಡುಹಿಂಡಾಗಿ ಮುತ್ತಿದವು. ಉದುರಿದ ರೆಕ್ಕೆ ನನ್ನ ಸೆರಗಿಗೆಲ್ಲ ಅಂಟಿತು. ಕಪ್ಪೆಗಳು ಬಂದವು. ಒಂದು, ಮೂರು, ಆಮೇಲೆ ಎಣಿಸಲಿಲ್ಲ. ನನಗೂ ಗೇಟಿಗೂ ನಡುವೆ ಕೊಳಕುಮಂಡಲ ಹಾವು ಸುರುಳಿ ಸುತ್ತಿ ಕೂತಿತ್ತು. ಬೆನ್ನಿನ ಕಂದು ಸರಪಳಿಯಂಥ ಮಚ್ಚೆ ಒಂದೊಂದೂ ಕಾಣುತ್ತಿತ್ತು.

ಅಷ್ಟರಲ್ಲಿ ಜೀಪು ಏರಿನಲ್ಲಿ ಮೂತಿ ಎತ್ತಿ ಬಂದು ನಿಂತಿತು. ಹೆಡ್‌ಲೈಟು ನೆಲಕ್ಕೆ ಬೀಳದೆ ನೇರ ಕಂಬದ ಕಣ್ಣಿಗೆ ಬಿತ್ತು. ಬೆಳಗಾಯಿತೆಂದುಕೊಂಡು ದೀಪ ಆರಿತು. ದಿನವೂ ಹೀಗಾಗುತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ.

"ಇಳೀಬೇಡ ಮಗಳೇ, ಹಾವಿದೆ! ಡ್ರೈವರೇ, ಲೈಟ್ ಆಫ್ ಮಾಡಿ!"

"ಹಾವಿದ್ರೆ ಯಾರಾದ್ರೂ ಲೈಟ್ ಆಫ್ ಮಾಡ್ತಾರಾ ಅಮ್ಮಾವ್ರೆ?"

"ಮಾಡಿ ಮಾರಾಯ್ರೆ, ನಿಮ್ಮ ದಮ್ಮಯ್ಯ!"

ಮಾಡಿದರು. ಈಗ ಎಲ್ಲ ಕಪ್ಪು. ಕಂಬದ ದೀಪ ಮತ್ತೆ ಹೊತ್ತಲು ಕೊಂಚ ಹೊತ್ತು ಬೇಕು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು, ಮತ್ತೆ ಮೊದಲಿಂದ ಹೇಳಿದೆ. ಜೀಪಿನಲ್ಲಿ ಮಗಳ ಟಿಫಿನ್ ಡಬ್ಬಿ ಸದ್ದಾಯಿತು. ಇಳಿದುಬಿಟ್ಟಳೇ?

ದೀಪ ಹೊತ್ತಿತು. ಮಗಳು ಸೀಟಿನಲ್ಲೇ ಇದ್ದಳು. ಹಾವು ಇರಲಿಲ್ಲ.

ಕಂಡ ಹಾವಿಗಿಂತ ಕಾಣದ ಹಾವೇ ನನ್ನನ್ನು ಹೆಚ್ಚು ಹೆದರಿಸಿತು. ಡ್ರೈವರ್ ಮಗಳನ್ನು ಹೆಗಲಿಗೇರಿಸಿ, ಕೋಲಿನಿಂದ ನೆಲ ಬಡಿಯುತ್ತ ಮನೆಗೆ ಮುಟ್ಟಿಸಿದರು. ಅವರ ಹೆಜ್ಜೆ ಬಿದ್ದಲ್ಲೇ ನಾನೂ ಹೆಜ್ಜೆಯಿಟ್ಟೆ.

ಮರುದಿನ ಹಳದಿ ಬಲ್ಬು, ಟೋಪಿ ವಾಪಸು ಹಾಕಿದೆ. ಕಂಬದ ಬುಡದಲ್ಲಿ ಗುಡ್ಡೆ ಬಿದ್ದಿದ್ದ ರೆಕ್ಕೆ ಗುಡಿಸಿದೆ. ಚಿಕ್ಕಮಗಳೂರಿಂದ ಬಂದ ನಮ್ಮವರಿಗೆ ಎಲ್ಲ ಹೇಳಿದೆ, ಜೀಪಿನ ಬೆಳಕಿನ ವಿಷಯವನ್ನೂ. ಅವರು ಬಟ್ಟೆ ಕೂಡ ಬದಲಿಸದೆ ಸ್ಟೂಲ್ ಹತ್ತಿ, ಆ ಪುಟ್ಟ ಕಣ್ಣನ್ನು ರಸ್ತೆಯಿಂದ ಆಕಾಶದ ಕಡೆಗೆ ತಿರುಗಿಸಿದರು.