ಮೇಷ್ಟ್ರು ತಿದ್ದಿಕೊಟ್ಟ ಇಮೇಲು

ಶೇಷಗಿರಿ ಮೇಷ್ಟ್ರು ಹಾಸನದ ಕಾಲೇಜಿನಲ್ಲಿ ಹದಿನೆಂಟು ವರ್ಷ ಇಂಗ್ಲಿಷ್ ವ್ಯಾಕರಣ ಅರೆದು ಕುಡಿಸಿದವರು. ತೊಂಬತ್ತೆಂಟರಲ್ಲಿ ಅವರನ್ನು ಅಮೆರಿಕದ ಸಾಂಟಾ ಕ್ಲಾರಾಕ್ಕೆ ಕರೆಸಿಕೊಂಡವನು ಅವರದೇ ಶಿಷ್ಯ ಗುರುಕಿರಣ್. ಸಾಫ್ಟ್‌ವೇರ್ ಕಂಪನಿಯಲ್ಲಿ ಅವನು ಮ್ಯಾನೇಜರು, ಇವರು ಮ್ಯಾನ್ಯುಅಲ್ ಬರೆಯುವವರು. ಅದು ಹೆಸರಿಗೆ. ನಿಜವಾದ ಕೆಲಸ ಬೇರೆಯೇ ಇತ್ತು. ಗುರುಕಿರಣ್ ಮೇಲಿನವರಿಗೆ ಬರೆಯುವ ಪ್ರತಿಯೊಂದು ಇಮೇಲೂ ಮೊದಲು ಮೇಷ್ಟ್ರ ಹತ್ತಿರ ಬಂದು, ತಿದ್ದಿಸಿಕೊಂಡು ಹೋಗಬೇಕು.

ಆಸಾಮಿ ಪ್ರೋಗ್ರಾಮಿಂಗಿನಲ್ಲಿ ಗಟ್ಟಿಗ. ಆದರೆ ಈ ಎವರಿಬಡಿ, ಸಮ್‌ಬಡಿ, ನೋಬಡಿಗಳು ಮಾತ್ರ ಅವನ ಕೈಗೆ ಪಳಗಲೇ ಇಲ್ಲ.

"ಕನ್ನಡದಲ್ಲಿ ಎಲ್ಲರೂ ಬಂದರು ಅಂತೀವಿ, ಸರಿ. ಇಂಗ್ಲಿಷಿನ ಎವರಿಬಡಿ ಎಷ್ಟು ಜನ ಇದ್ರೂ ಏಕವಚನ ಕಣೋ. ಹ್ಯಾವ್ ಅಲ್ಲ, ಹ್ಯಾಸ್."

"ಹೌದು ಸರ್," ಎನ್ನುವನು. ಮರುದಿನ ಮತ್ತದೇ ರಾಗ. ಮೇಷ್ಟ್ರಿಗೆ ಒಳಗೊಳಗೇ ಖುಷಿ. ಇವನು ಕಲಿಯುವವರೆಗೆ ತಮ್ಮ ಕುರ್ಚಿ ಅಲುಗುವುದಿಲ್ಲವಲ್ಲ. ಯುಗಾದಿಗೆ ಹೆಂಡತಿ ಮಕ್ಕಳ ಸಮೇತ ಅಪಾರ್ಟ್‌ಮೆಂಟಿಗೆ ಬಂದು ಕಾಲಿಗೆ ಬೀಳುತ್ತಿದ್ದ ಬೇರೆ. ಹಾಗೆ ಬೀಳುವವನು ಕೈಬಿಡುತ್ತಾನೆಯೇ?

ಎರಡು ಸಾವಿರದ ಒಂದರಲ್ಲಿ ಇಂಟರ್‌ನೆಟ್ ಕಂಪನಿಗಳ ಡಾಟ್‌ಕಾಮ್ ಜಾತ್ರೆ ಮುಗಿಯಿತು. ಇಂಡಿಯನ್ ಗ್ರೋಸರಿಯಲ್ಲಿ ತೊಗರಿಬೇಳೆ ಕೊಳ್ಳುವವರ ಬಾಯಲ್ಲೂ ಲೇಆಫಿನದೇ ಮಾತು. ಮೇಷ್ಟ್ರ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಗಂಟುಮೂಟೆ ಕಟ್ಟಬೇಕು. ಮಗಳು ನಿಸರ್ಗಾಗೆ ಹೈಸ್ಕೂಲಿನ ಕೊನೆಯ ವರ್ಷ ಇನ್ನೂ ಬಾಕಿ. "ಒನ್ ಇಯರ್, ಅಪ್ಪಾ. ಜಸ್ಟ್ ಒನ್ ಇಯರ್," ಅನ್ನುತ್ತಿದ್ದಳು ಹುಡುಗಿ.

ಏಪ್ರಿಲಿನ ಒಂದು ಸೋಮವಾರ ಗುರುಕಿರಣನ ಕರಡು ಬಂತು. ಮ್ಯಾನ್ಯುಅಲ್ ವಿಭಾಗದಿಂದ ಯಾರೋ ಒಬ್ಬರನ್ನು ತೆಗೆಯಬೇಕು, ಆ ಕೆಲಸವನ್ನು ಯಾರು ಬೇಕಾದರೂ ಮಾಡಬಲ್ಲರು, ಹೋದರೆ ಯಾರಿಗೂ ನಷ್ಟವಿಲ್ಲ ಅಂತ ಒಕ್ಕಣೆ. ಸಮ್‌ಒನ್, ಎನಿಒನ್, ನೋಬಡಿ ಎಲ್ಲ ಇದ್ದವು, ಹೆಸರೊಂದೇ ಇಲ್ಲ. ವಿಭಾಗದಲ್ಲಿ ಇದ್ದವರೇ ಇಬ್ಬರು, ಮೇಷ್ಟ್ರು ಮತ್ತು ಆರು ತಿಂಗಳ ಹಿಂದೆ ಸೇರಿದ್ದ ಅಮೆರಿಕನ್ ಹೆಂಗಸು. ಪಾಪ, ಆಕೆಯ ಗ್ರಹಚಾರ ಅಂದುಕೊಂಡರು ಮೇಷ್ಟ್ರು.

ಅಂದುಕೊಂಡು ಸುಮ್ಮನಿದ್ದರೇ? ಎಲ್ಲಿ ಬಂತು. ಗುರುವನ್ನು ತೆಗೆಯುವ ಕಾಗದವನ್ನು ಗುರುವಿನ ಕೈಯಲ್ಲೇ ತಿದ್ದಿಸುವ ಶಿಷ್ಯನೂ ಇರಬಹುದೆಂದು ಅವರಿಗೆ ಹೊಳೆಯಲೇ ಇಲ್ಲ. ತಪ್ಪಿದ ಕಡೆಯೆಲ್ಲ ಹ್ಯಾಸ್ ಹಾಕಿ, ಸಡಿಲವಿದ್ದಲ್ಲಿ ಬಿಗಿ ಮಾಡಿ, ಓದಿದವರು ಇಲ್ಲ ಎನ್ನಲಾಗದ ಹಾಗೆ ಮಾಡಿ ಕಳಿಸಿದರು.

ಗುರುವಾರ ಗುರುಕಿರಣ್ ಅವರನ್ನು ಮೀಟಿಂಗು ರೂಮಿಗೆ ಕರೆದು ಬಾಗಿಲು ಹಾಕಿದ.

"ಮೇಲಿನವರು ಒಂದೇ ಏಟಿಗೆ ಒಪ್ಪಿಬಿಟ್ರು ಸರ್. ಆಕೆ ವೆಬ್ ಪೇಜೂ ಮಾಡ್ತಾಳೆ. ಅದಕ್ಕೇ ನಿಮ್ಮನ್ನ ಬಿಡಬೇಕಾಯ್ತು."

"ನನಗೊಂದು ಮಾತು ಹೇಳಬಾರದಿತ್ತೇನೋ?"

"ಮೊದಲು ನಿಮಗೇ ಕಳಿಸಿದ್ನಲ್ಲ ಸರ್. ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ನೀವು ತಿದ್ದಿ ವಾಪಸು ಕೊಟ್ರಿ. ಅರ್ಥ ಮಾಡ್ಕೊಂಡು ಒಪ್ಪಿದಿರಿ ಅಂದ್ಕೊಂಡೆ."

ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈಯಬೇಕೆನ್ನಿಸಿತು. ಆದರೆ ಯಾವ ಮುಖ ಇಟ್ಟುಕೊಂಡು? ಹೋಗುವುದು ಆಕೆಯ ಕೆಲಸ ಅಂದುಕೊಂಡಾಗ ಇವರ ಕೈಯೇನು ತಡವರಿಸಿತ್ತೇ? ಆ ಯೋಚನೆ ಶಿಷ್ಯನಿಗಿಂತ ಹೆಚ್ಚು ಉರಿಸಿತು.

ಮೇಜಿನ ಸಾಮಾನು ಒಂದು ರಟ್ಟಿನ ಡಬ್ಬಕ್ಕೆ ಆಯಿತು. ಗುರುಕಿರಣನೇ ಅದನ್ನು ಕಾರಿನವರೆಗೆ ಹೊತ್ತುಕೊಂಡು ಬಂದ.

"ಸರ್, ನೀವು ಊರಿಗೆ ಹೊರಡೋವರೆಗೆ ನನ್ನ ಇಮೇಲುಗಳನ್ನ ಮನೆಗೇ ಕಳಿಸ್ತೀನಿ. ಬಿಡುವಾದಾಗ ಒಂಚೂರು ನೋಡಿಕೊಡ್ತೀರಾ?"

ಮೇಷ್ಟ್ರು ಡಬ್ಬ ಇಸಕೊಂಡರು. "ಯಾರು ಬೇಕಾದ್ರೂ ಮಾಡ್ತಾರೆ ಬಿಡಪ್ಪ. ನೀನೇ ಬರೆದಿದ್ದೆಯಲ್ಲ. ನಾನೇ ತಿದ್ದಿದ್ದೆ."

ಅವನು ರೂಢಿಯಂತೆ ಕಾಲಿಗೆ ಬಗ್ಗಿದ. ಮೇಷ್ಟ್ರು ಒಳಗೆ ಕೂತು ಕಾರಿನ ಬಾಗಿಲು ಎಳೆದುಕೊಂಡರು. ನಿಸರ್ಗಾ ಸ್ಕೂಲಿನಿಂದ ಬರುವ ಹೊತ್ತಾಗಿತ್ತು.