ಮಂಚದ ಕೆಳಗೆ ಮಲಗಿ ಮಾತಾಡಿದವರು

ತಿಕೋಟಾದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡಿನ ಮೇಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ, ಎದೆಯಿಂದ ಕೆಳಗೆ ನನಗೆ ಏನೂ ತಿಳಿಯುವುದಿಲ್ಲ. ಗಾಲಿಕುರ್ಚಿಯಲ್ಲಿ ಕೂತು ಮೊಬೈಲ್ ರಿಪೇರಿ ಕಲಿತೆ. ವಿಜಯಪುರದ ಇಬ್ರಾಹಿಂಪುರದಲ್ಲಿ ಮನೆ ಹಿಡಿದು, ಮುಂದಿನ ಖೋಲಿಯಲ್ಲೇ ಅಂಗಡಿ ಹಾಕಿದೆ. ಆಗುವುದೆಲ್ಲ ಆಗಿ ಮುಗಿಯಿತು ಅಂದುಕೊಂಡಿದ್ದೆ.

ತಂಗಿಯ ಮದುವೆಗೆ ಬಬಲೇಶ್ವರಕ್ಕೆ ಹೋದೆವು. ಕುರ್ಚಿಯ ಗಾಳಿದಿಂಬು ದಾರಿಯಲ್ಲೆಲ್ಲೋ ತೂತಾಗಿತ್ತು. ನನಗೆ ಗೊತ್ತಾಗುವುದಾದರೂ ಹೇಗೆ? ಅಕ್ಷತೆ ಹಾಕಿದೆ, ಉಂಡೆ, ಬೀಗರ ಜೊತೆ ನಕ್ಕೆ. ಸಂಜೆ ಮನೆಗೆ ಬಂದು ನನ್ನನ್ನು ಮಗ್ಗುಲಿಗೆ ಹೊರಳಿಸಿದ ಹೆಂಡತಿ ದೀಪ ಹಾಕಿ ಬಗ್ಗಿ ನೋಡಿದಳು. ಕೂರುವ ಎಲುಬಿನ ಮೇಲೆ ಚರ್ಮ ಕೆಂಪಗೆ ಕಂದಿತ್ತು. ಕೆಲವೇ ದಿನಗಳಲ್ಲಿ ಅದು ಹುಣ್ಣಾಗಿ ಬಾಯಿಬಿಟ್ಟಿತು. ಜ್ವರವೂ ಬಂತು.

"ಇದು ಮಾಯೂತನಕ ಕುರ್ಚಿ ಮರೀರಿ. ಡಬ್ಬ ಮಲಗಬೇಕು," ಅಂದರು ಡಾಕ್ಟರು.

ಎದೆಯ ಕೆಳಗೆ ದಿಂಬಿಟ್ಟು, ಮುಖ ಮಂಚದ ಅಂಚಿನಾಚೆ ಬರುವಂತೆ ಬೋರಲು ಮಲಗಿಸಿದರು. ಕಾಣುವುದು ಬರೀ ನೆಲ, ಬಂದವರ ಕಾಲ್ಬೆರಳು. ಬರಬರುತ್ತ ಕೇಳಿದ್ದಕ್ಕೆಲ್ಲ "ಹ್ಞೂಂ" ಅನ್ನುವುದೊಂದೇ ಉಳಿಯಿತು.

ಒಂದು ಮಧ್ಯಾಹ್ನ ಹೆಂಡತಿ ಚಾಪೆ ಹಾಸಿ, ನನ್ನ ಮುಖದ ನೇರ ಕೆಳಗೆ ಅಂಗಾತ ಮಲಗಿದಳು.

"ಏನ ಮಾಡಾಕತ್ತೀ?"

"ನಿಮ್ಮ ಮಾರಿ ನೋಡಾಕತ್ತೇನ್ರಿ. ಮದುವಿ ಆದಾಗಿಂದ ಇಷ್ಟ ಪುರಸೊತ್ತಿಲೆ ನೋಡಿದ್ದಿಲ್ಲ."

"ಹೆಂಗೈತಿ?"

"ಮೂಗಿನ್ಯಾಗ ಕೂದಲ ಭಾಳ ಅದಾವ."

ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂದು ಅವಳ ಹಣೆಯ ಮೇಲೆ ಬಿತ್ತು. "ಮಳಿ ಬಂತಲ್ರಿ, ಮಾಳಗಿ ಮ್ಯಾಲ ಬಟ್ಟಿ ಅದಾವ!" ಅಂದಳೇ ಹೊರತು ಏಳಲಿಲ್ಲ.

ಅದೇ ರೂಢಿಯಾಯಿತು. ಪಕ್ಕದ ಮನೆಯ ಚಾಚಾ ಮಾತಾಡಿಸಲು ಬಂದವರು, ನನ್ನ ತಲೆಯ ಹಿಂಭಾಗಕ್ಕೆ ಸಲಾಮ್ ಹೇಳುವುದು ಸರಿ ಕಾಣದೆ, ಮೊಣಕಾಲು ಲಟಲಟ ಅನ್ನಿಸುತ್ತ ಚಾಪೆಯ ಮೇಲೆ ಮಲಗಿದರು. ಬಿಳಿ ಗಡ್ಡ ಎದೆಯ ಮೇಲೆ ಹರಡಿತು. "ಹಾಂ, ಈಗ ಹೇಳಪಾ, ತಬಿಯತ್ ಹೆಂಗೈತಿ?" ಆಮೇಲೆ ಅವರನ್ನು ಎಬ್ಬಿಸಲು ಚಾಚಿಯೇ ಬರಬೇಕಾಯಿತು.

ತಿಕೋಟಾದಿಂದ ಅವ್ವ ಬಂದಳು. ಅವಳೂ ಸೆರಗು ಸರಿ ಮಾಡಿಕೊಂಡು ಮಲಗಿ, ತಂಗಿಯ ಗಂಡನ ಮನೆಯ ಸುದ್ದಿ ಹೇಳುತ್ತ ಹೇಳುತ್ತ ನಿದ್ದೆಹೋದಳು. ನಾವು ಏಳುವ ಮೊದಲೇ ಎದ್ದು, ಎಲ್ಲರೂ ಮಲಗಿದ ಮೇಲೆ ಮಲಗುತ್ತಿದ್ದವಳು. ಅವಳ ನಿದ್ದೆಯ ಮುಖ ನಾನು ನೋಡಿದ್ದು ಅಂದೇ. ಬಾಯಿ ತುಸು ತೆರೆದಿತ್ತು. ಎಚ್ಚರವಾಗದಿರಲಿ ಎಂದು ಕೆಮ್ಮನ್ನೂ ತಡೆದುಕೊಂಡೆ.

ಹೆಂಡತಿ ಹೊತ್ತುಹೊತ್ತಿಗೆ ಹುಣ್ಣು ತೊಳೆದು ಪಟ್ಟಿ ಕಟ್ಟಿದಳು. ಜ್ವರ ಬೇಗ ಇಳಿಯಿತು. ಗಾಯ ಮಾತ್ರ ಅವಸರ ಮಾಡಲಿಲ್ಲ, ಅದಕ್ಕೆ ತಿಂಗಳುಗಳೇ ಹಿಡಿದವು. ಮೊದಲ ಸಲ ಕುರ್ಚಿಗೆ ಇಳಿಸಿದಾಗ ತಲೆ ಗಿರ್ರೆಂದಿತು. ಎಲ್ಲರ ಮುಖವೂ ಎದುರಿಗೇ ಇತ್ತು.

ಈಗ ಅಂಗಡಿ ಮತ್ತೆ ನಡೆದಿದೆ. ನಡುನಡುವೆ ಒಳಗಿನಿಂದ ಅವಳು ಕೂಗುತ್ತಾಳೆ: "ಎತ್ತರಿ!" ನಾನು ಕೈಲಿದ್ದುದನ್ನು ಬಿಟ್ಟು, ಕುರ್ಚಿಯ ಕೈಗಳ ಮೇಲೆ ಅಂಗೈ ಊರಿ ಮೈ ಎತ್ತಿ ಹಿಡಿಯುತ್ತೇನೆ. ಹುಣ್ಣಾಗಿದ್ದ ಜಾಗಕ್ಕೆ ರಕ್ತ ಹರಿಯಬೇಕಲ್ಲ.

"ವ್ಯಾಯಾಮ ಏನ್ರಿ?" ಎಂದು ಗಿರಾಕಿಗಳು ಕೇಳುತ್ತಾರೆ.

"ಮನಿಯಾಕಿ ಹುಕುಂ ಐತ್ರಿ," ಅನ್ನುತ್ತೇನೆ.